ಬಾಚಿಗೆ ಒಡ್ಡಿದ ಕಾಲು

ಆ ವರ್ಷ ನಾನು ಚಿಕ್ಕೋಡಿಯ ಬಸ್ಸಿನಿಂದ ಅಂಕಲಿಯಲ್ಲಿ ಇಳಿದ ಕೂಡಲೇ ಮೊದಲು ಕಿವಿ ಕೊಡುತ್ತಿದ್ದೆ. ಹಿಟ್ಟಿನ ಗಿರಣಿ ದಾಟಿ ನಮ್ಮ ಓಣಿಯ ತಿರುವಿಗೆ ಬರುವಷ್ಟರಲ್ಲಿ ಬಾಚಿಯ ಸದ್ದು ಕೇಳಿಸಿತೆಂದರೆ ಭಯದಿಂದ ಹೆಜ್ಜೆ ಬಿರುಸಾಗುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ಅದೇ ಸದ್ದು ಕೇಳಿದರೆ ಮನೆ ಬಂತು ಅಂತ ಸಮಾಧಾನವಾಗುತ್ತಿತ್ತು. ಈಗ ಅದು ಕೇಳದಿರಲಿ ದೇವರೇ ಎಂದು ಬೇಡಿಕೊಳ್ಳುತ್ತ ನಡೆಯುತ್ತಿದ್ದೆ.

ಕಟ್ಟಿಗೆ ಕೆತ್ತುವ ಆ ಬಾಚಿ ನನ್ನ ಗಂಡನ ತಂದೆಯದು. ಮಾವ ಬಡಿಗರು. ಒಂದು ಕಾಲದಲ್ಲಿ ಗಾಡಿಯ ಗಾಲಿ ಮಾಡುತ್ತಿದ್ದವರು, ಟ್ರ್ಯಾಕ್ಟರು ಬಂದ ಮೇಲೆ ನೊಗ, ಕುಂಟೆ, ಕೂರಿಗೆ, ಗುದ್ದಲಿಯ ಕಾವು ಎಂದು ಸಣ್ಣಪುಟ್ಟ ಕೆಲಸಕ್ಕೆ ಇಳಿದಿದ್ದರು. ಕೆಲಸ ಸಣ್ಣದಾಯಿತೇ ಹೊರತು ಅವರ ಠೇಂಕಾರ ಸಣ್ಣದಾಗಲಿಲ್ಲ. ಗಿರಾಕಿ ಎದುರು ನಿಂತು ಹೀಗೆ ಮಾಡಿ ಹಾಗೆ ಮಾಡಿ ಎಂದರೆ, ಬಾಚಿಯನ್ನೇ ಅವನ ಕಡೆ ಚಾಚಿ, "ತಗೋ, ನೀನ ಮಾಡ್ಕೋ" ಅನ್ನುವವರು. ನನಗೂ ಅವರಿಗೂ ಮೊದಲಿನಿಂದ ಜಟಾಪಟಿ. ಇಬ್ಬರಿಗೂ ಬಾಯಿ ಜೋರು.

ನಮ್ಮ ಕಡೆಯ ಬಡಿಗರು ನಿಂತು ಕೆಲಸ ಮಾಡುವವರಲ್ಲ. ನೆಲದ ಮೇಲೆ ಮಣೆ ಹಾಕಿ ಕೂತು, ಒಂದು ಕಾಲನ್ನು ಮುಂದೆ ಚಾಚಿ, ಕಟ್ಟಿಗೆಯ ತುದಿಯನ್ನು ಅಂಗಾಲಿಗೆ ಆನಿಸಿಕೊಂಡು, ಬಾಚಿಯನ್ನು ತಮ್ಮ ಕಡೆಗೇ ಬೀಸುತ್ತಾರೆ. ಪ್ರತಿ ಏಟೂ ಕಾಲಿನತ್ತಲೇ ಬರುತ್ತದೆ, ಕಾಲಿಗೆ ಸ್ವಲ್ಪ ಮೊದಲು ನಿಲ್ಲುತ್ತದೆ. ಕಟ್ಟಿಗೆ ಅಲುಗಿತೋ, ತಿರುಗಿತೋ, ಒಳಗೆ ಗಂಟಿದೆಯೋ ಎಂದು ಹೇಳುವುದು ಆ ಅಂಗಾಲೇ. ಮಾವನಿಗೆ ಈ ಕೆಲಸದ ಕಾಲು ಎಡಗಾಲಾಗಿತ್ತು. ಶುಗರ್ ಹೆಚ್ಚಾಗಿ, ಹೆಬ್ಬೆರಳಲ್ಲಿ ಶುರುವಾದ ಹುಣ್ಣು ಮೇಲೇರಿ, ಮಿರಜಿನ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದದ್ದೂ ಅದೇ ಎಡಗಾಲನ್ನು.

ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ಅವರ ಬಲಗಾಲಿನ ಅಂಗಾಲಿಗೆ ಸೂಜಿಯ ಮೊನೆ ಮುಟ್ಟಿಸಿ, "ಗೊತ್ತಾಗುತ್ತಾ?" ಎಂದು ಕೇಳಿದರು. ಮಾವ ಛಾವಣಿ ನೋಡುತ್ತ, "ಗೊತ್ತಾಗ್ತೈತ್ರಿ" ಎಂದರು. ಅಷ್ಟರಲ್ಲಿ ಡಾಕ್ಟರು ಸೂಜಿ ತೆಗೆದು ಜೇಬಿಗೆ ಹಾಕಿಕೊಂಡಾಗಿತ್ತು. ಅವರು ನಮ್ಮತ್ತ ತಿರುಗಿ, ಈ ಕಾಲಿನಲ್ಲೂ ಸ್ಪರ್ಶ ಹೋಗಿದೆ, ಗಾಯವಾದರೆ ಇವರಿಗೆ ತಿಳಿಯುವುದಿಲ್ಲ, ತಿಳಿಯದೆ ಬಿಟ್ಟರೆ ಇದನ್ನೂ ತೆಗೆಯಬೇಕಾಗುತ್ತದೆ, ಮಗುವಿನ ಹಾಗೆ ಕಾಯ್ದುಕೊಳ್ಳಿ ಎಂದರು. ಅತ್ತೆ ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡರು. ಮಾವ ಮಿರಜಿನ ಸ್ಟ್ಯಾಂಡಿನಲ್ಲೇ ಮರೆತರು.

ಚಿಕ್ಕೋಡಿಯ ಶಿಬಿರವೊಂದರಲ್ಲಿ ಅವರಿಗೆ ಹೊಸ ಕಾಲು ಸಿಕ್ಕಿತು. ಮೊಣಕಾಲಿನ ಕೆಳಗೆ ತೊಡುವ ಪ್ಲಾಸ್ಟಿಕ್ಕಿನ ಕೊಳವೆ, ಅದರ ತುದಿಗೆ ರಬ್ಬರಿನ ಪಾದ. ನಡೆಯುವುದಕ್ಕೆ ಒಳ್ಳೆಯ ಕಾಲೇ, ಆಡಿಕೊಳ್ಳುವ ಹಾಗಿಲ್ಲ. ಆದರೆ ಮಣೆ ಮೇಲೆ ಕೂತು ಕಟ್ಟಿಗೆ ಆನಿಸಿದರೆ ರಬ್ಬರು ಒಳಗೆ ಹೋಗಿ ಮತ್ತೆ ಹೊರಗೆ ತಳ್ಳುತ್ತಿತ್ತು, ಕಟ್ಟಿಗೆ ಜಾರಿ ಪಕ್ಕಕ್ಕೆ ಸಿಡಿಯುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ಗಂಡ ಕಟ್ಟಿಗೆಯನ್ನು ಕಚ್ಚಿ ಹಿಡಿಯುವ ಕಬ್ಬಿಣದ ವೈಸ್ ತಂದು ದಪ್ಪ ಕೊರಡಿಗೆ ಬಿಗಿದು ಕೊಟ್ಟರು. ನೊಗ ಡೊಂಕಿರುವ ಸಾಮಾನು, ನಾಲ್ಕು ಏಟಿಗೊಮ್ಮೆ ತಿರುಗಿಸಬೇಕು, ಹಾಗೆ ಬಿಗಿದಿಟ್ಟು ಕೆತ್ತುವ ಕೆಲಸವೇ ಅಲ್ಲ ಎಂದು ಮಾವ ಅದಕ್ಕೆ ತಮ್ಮ ಅಂಗಿ ನೇತುಹಾಕಿದರು. ಆಮೇಲೆ ಯಾರಿಗೂ ಹೇಳದೆ ಬಲಗಾಲನ್ನು ಮುಂದೆ ಚಾಚಿ ಕೂರಲು ಶುರುಮಾಡಿದರು. ಡಾಕ್ಟರು ಕಾಯ್ದುಕೊಳ್ಳಿ ಎಂದ ಅದೇ ಕಾಲು.

ಒಂದು ಮಧ್ಯಾಹ್ನ ನಾನು ಚಹ ಕೊಡಲು ಹೋದಾಗ ಅವರ ಸುತ್ತ ಬಿದ್ದ ಹೊಟ್ಟಿನಲ್ಲಿ ಕೆಂಪು ಕಾಣಿಸಿತು. ಜಾಲಿಯ ಒಡಲು ಕೆಂಪೇ ಇರುತ್ತದೆ, ಅದೇ ಇರಬೇಕು ಎಂದುಕೊಂಡೆ. ಆದರೆ ಹೊಟ್ಟು ಒದ್ದೆಯಾಗಿತ್ತು, ನೊಣ ಕೂತಿದ್ದವು. ಬಲಗಾಲಿನ ಕಿರುಬೆರಳ ಪಕ್ಕ ಚರ್ಮ ತೆರೆದುಕೊಂಡು ರಕ್ತ ಸಣ್ಣಗೆ ಹರಿಯುತ್ತಿತ್ತು. ಮಾವ ಹಾಡು ಗುನುಗುತ್ತ ಬಾಚಿ ಬೀಸುತ್ತಲೇ ಇದ್ದರು.

"ಮಾವಾರ, ಕಾಲು ನೋಡ್ರಿ" ಎಂದೆ.

ಅವರು ನೋಡಿದರು. ಆ ಮುಖದಲ್ಲಿ ಹೆದರಿಕೆ ನಾನು ಕಂಡದ್ದು ಅದೇ ಮೊದಲು. ಅದು ಬಂದಷ್ಟೇ ಬೇಗ ಹೋಗಿಬಿಟ್ಟಿತು. "ಚಾ ಆರ್ತೈತಿ, ಕೊಡು ಇಲ್ಲೆ" ಎಂದರು.

ಆ ಗಾಯ ಮಾಯುವವರೆಗೆ ನಮ್ಮ ಮನೆಯಲ್ಲಿ ಯಾರ ಬಾಯಿಗೂ ಊಟ ರುಚಿಸಲಿಲ್ಲ. ಅತ್ತೆ ಬಾಚಿಯನ್ನು ಜೋಳದ ಕಣಜದಲ್ಲಿ ಬಚ್ಚಿಟ್ಟರು. ಮಾವ ಹುಡುಕಲೂ ಇಲ್ಲ, ಕೇಳಲೂ ಇಲ್ಲ. ತಟ್ಟೆ ಮುಂದಿಟ್ಟರೆ ಗೋಡೆಗೆ ಮುಖ ತಿರುಗಿಸಿ ಕೂತರು. ಕಡೆಗೆ ಅತ್ತೆಯೇ ಅದನ್ನು ತೆಗೆದು, ಜೋಳದ ಧೂಳು ಕೊಡವಿ, ಅವರ ಪಕ್ಕ ಇಟ್ಟರು. ನನಗೆ ಇಬ್ಬರ ಮೇಲೂ ಸಿಟ್ಟು ಉಕ್ಕಿ ಬಂತು. ಆ ಸಿಟ್ಟಿನಲ್ಲೇ, "ನಿಮಗ ಬಾಚಿಗಿ ಒಡ್ಡಾಕ ಕಾಲು ಬೇಕಲ್ರಿ, ನಾ ಮಾಡಿ ಕೊಡ್ತೀನಿ. ಕಟಗೀದ" ಎಂದೆ.

"ಕಟಗಿ ಕಾಲು ಬಾಚೀಗೆ ಸೀಳಿ ಎರಡ ಹೋಳ ಆಕ್ಕೈತಿ. ಬಡಿಗ್ಯಾರ ಮನಿಗೆ ಬಂದು ಇಷ್ಟೂ ತಿಳಕೊಂಡಿಲ್ಲೇನ?" ಎಂದರು ಮಾವ.

ಅವರು ಹೇಳಿದ್ದು ಸುಳ್ಳಲ್ಲ. ಆದರೆ ನಾನು ಬಾಯಿಗೆ ಬಂದದ್ದನ್ನು ಆಡಿರಲಿಲ್ಲ. ಚಿಕ್ಕೋಡಿಯ ಕಾಲೇಜೊಂದರ ರಸಾಯನ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಕಟ್ಟಿಗೆಯನ್ನು ಕಬ್ಬಿಣದಷ್ಟು ಗಟ್ಟಿ ಮಾಡುವ ಹೊಸ ವಿಧಾನದ ಬಗ್ಗೆ ಅಲ್ಲಿ ಓದಿದ್ದೆ, ಮೇಷ್ಟ್ರುಗಳ ಜೊತೆ ಚರ್ಚೆ ಮಾಡಿದ್ದೆ. ಕಟ್ಟಿಗೆಯೊಳಗೆ ಸಣ್ಣ ಸಣ್ಣ ಎಳೆಗಳಿರುತ್ತವೆ, ಅವನ್ನು ಹಿಡಿದಿಡುವ ಅಂಟಿನಂಥ ಪದಾರ್ಥವೂ ಇರುತ್ತದೆ. ಕಾಸ್ಟಿಕ್ ಸೋಡಾದ ನೀರಿನಲ್ಲಿ ಕುದಿಸಿ ಆ ಅಂಟನ್ನು ಒಂದಷ್ಟು ಕರಗಿಸಿ ತೆಗೆದರೆ ಕಟ್ಟಿಗೆ ಮೆತ್ತಗಾಗುತ್ತದೆ. ಆಗ ಅದನ್ನು ಬಿಸಿ ಕಬ್ಬಿಣದ ನಡುವೆ ಇಟ್ಟು ಬಲವಾಗಿ ಒತ್ತಿದರೆ ಒಳಗಿನ ಟೊಳ್ಳೆಲ್ಲ ಮುಚ್ಚಿ, ಎಳೆಗೆ ಎಳೆ ಬಿಗಿದುಕೊಂಡು, ಬೆರಳು ದಪ್ಪದ ಹಲಗೆ ಕಾಲುಭಾಗಕ್ಕೆ ಇಳಿಯುತ್ತದೆ. ಅಂಥ ಹಾಳೆಗಳನ್ನು ಒಂದರ ಎಳೆ ಉದ್ದಕ್ಕೆ, ಮೇಲಿನದರ ಎಳೆ ಅಡ್ಡಕ್ಕೆ ಬರುವಂತೆ ಪೇರಿಸಿ, ನಡುವೆ ರಾಳ ಹಾಕಿ ಮತ್ತೆ ಒತ್ತಿದರೆ, ಸೀಳು ಒಂದು ಪದರಿನಲ್ಲಿ ಹೊರಟರೂ ಮುಂದಿನ ಪದರಿನಲ್ಲಿ ಸಿಕ್ಕಿಬಿದ್ದು ನಿಲ್ಲುತ್ತದೆ.

ಇದನ್ನೆಲ್ಲ ಮಾವನಿಗೆ ಹೇಳಿದೆ. ಅವರು ಕೇಳದವರ ಹಾಗೆ ಕೇಳಿದರು. ಮರುದಿನ ಜಾಲಿಯ ಹಲಗೆಯೊಂದನ್ನು ರಂದಾ ಹೊಡೆದು ನುಣ್ಣಗೆ ಮಾಡಿ ಅಡುಗೆಮನೆಯ ಹೊಸ್ತಿಲ ಮೇಲೆ ಇಟ್ಟಿದ್ದರು.

ಹಿತ್ತಲಲ್ಲಿ ಹಳೆಯ ಕಬ್ಬಿಣದ ಕಡಾಯಿ ಏರಿಸಿದೆವು. ನೀರು ಕಂದಾಗಿ, ಆಮೇಲೆ ಕಪ್ಪಾಗಿ, ಮೂಗು ಸುಡುವ ವಾಸನೆ ಓಣಿಯೆಲ್ಲ ಹಬ್ಬಿತು. ಸಾರಾಯಿ ಭಟ್ಟಿ ಇಳಿಸುತ್ತಿದ್ದೇವೆಂದು ತಿಳಿದು ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು. ಮೊದಲ ಸಲ ಸೋತದ್ದು ಮಾವನ ಹಟದಿಂದ. ಜಾಲಿ ಎಷ್ಟು ಗಟ್ಟಿಯೆಂದರೆ ಕಾಸ್ಟಿಕ್ ಒಳಗೆ ಇಳಿಯಲೇ ಇಲ್ಲ, ಒತ್ತಿದಾಗ ಚಟಚಟನೆ ಸೀಳಿತು. ಎರಡನೆಯ ಸಲ ಸೋತದ್ದು ನನ್ನ ಆತುರದಿಂದ. ಜಾಲಿ ಬಿಟ್ಟು ಮೆದು ಮರವಾದ ಹೆಬ್ಬೇವನ್ನು ತಂದು, ಹೆಚ್ಚು ಕುದಿಸಿ ಮುದ್ದೆ ಮಾಡಿಟ್ಟೆ. ಮಾವ ಅದನ್ನು ಕೋಲಿನಿಂದ ಎತ್ತಿ ನೋಡಿ, "ಝುಣಕ ಛಲೋ ಆಗೇತಿ, ಭಕ್ರಿ ತಾ" ಎಂದರು. ಕಡಲೆಹಿಟ್ಟಿನ ಝುಣಕದಂತೆಯೇ ಕಾಣುತ್ತಿದ್ದ ಅದನ್ನು ತಿಪ್ಪೆಗೆ ಸುರಿದು ಬಂದೆ. ಮೂರನೆಯ ಸಲ ಹದ ಸಿಕ್ಕಿತು. ನನ್ನ ಗಂಡ ಲಾರಿಯ ಜಾಕನ್ನು ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, ಎರಡು ದಪ್ಪ ತಗಡುಗಳನ್ನು ಒಲೆಯ ಮೇಲೆ ಕಾಯಿಸಿ, ನಡುವೆ ಹಲಗೆ ಇಟ್ಟು ಜಾಕಿನ ಹಿಡಿಕೆಯನ್ನು ತಮ್ಮ ತೂಕವೆಲ್ಲ ಹಾಕಿ ಒತ್ತಿದರು. ಮರುದಿನ ತೆಗೆದಾಗ ಹಾಳೆ ಕಪ್ಪು ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಬೆರಳಿನಿಂದ ಬಡಿದರೆ ಟಣ್ ಎಂದಿತು. ಮಾವ ಅದನ್ನು ಕಿವಿಯ ಹತ್ತಿರ ಹಿಡಿದು ಮತ್ತೆ ಮತ್ತೆ ಬಡಿದು ಕೇಳಿದರು. ಹೊಗಳಲಿಲ್ಲ. ಆದರೆ ಆ ದಿನದಿಂದ ಬಲಗಾಲು ಚಾಚುವುದನ್ನು ಬಿಟ್ಟು, ಹೆಬ್ಬೇವಿನ ಹಲಗೆಗಳನ್ನು ಒಂದೊಂದಾಗಿ ರಂದಾ ಹೊಡೆಯುತ್ತ ಕೂತರು.

ಪಾದಕ್ಕೆ ಬೇಕಾದಷ್ಟು ಹಾಳೆಗಳು ತಯಾರಾಗುವ ಹೊತ್ತಿಗೆ ದಸರೆ ಬಂತು. ತೆಲಸಂಗದ ತವರಿನಲ್ಲಿ ಅಮ್ಮನಿಗೆ ಹುಷಾರಿರಲಿಲ್ಲ, ನಾನು ಹಬ್ಬಕ್ಕೆ ಅಲ್ಲಿಗೆ ಹೋಗಬೇಕಿತ್ತು. ಹೊರಡುವ ಮುನ್ನ ಗಂಡನಿಗೆ ಎಲ್ಲ ಹೇಳಿಕೊಟ್ಟೆ. ಹಾಳೆಗೆ ನೀರು ತಾಗಿಸಬೇಡಿ, ಧೂಳು ಕೂರಲು ಬಿಡಬೇಡಿ, ಬನ್ನಿ ಕೊಟ್ಟ ಮರುದಿನ ರಾಳ ಕಲಸಿ ಹಚ್ಚಿ ಒತ್ತಿಡಿ ಎಂದೆ. ಅವರು ಹೇಳಿದ್ದನ್ನು ಹೇಳಿದಂತೆ ಮಾಡುವ ಮನುಷ್ಯ.

ನಾನು ವಾಪಸು ಬಂದಾಗ ಪಾದ ಸಿದ್ಧವಾಗಿತ್ತು. ಮಾವ ಅದನ್ನು ತಾವೇ ಕೆತ್ತಿ, ಹಿಮ್ಮಡಿ ದುಂಡಗೆ ಮಾಡಿ, ಬೆರಳುಗಳ ಜಾಗದಲ್ಲಿ ಕಟ್ಟಿಗೆ ಕೂರಲು ಸಣ್ಣ ತಗ್ಗು ತೆಗೆದಿದ್ದರು. ಗಂಡ ರಬ್ಬರಿನ ಪಾದ ಬಿಚ್ಚಿ ಅದರ ಜಾಗಕ್ಕೆ ಇದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಕಪ್ಪಗೆ, ತೂಕವಾಗಿ, ಚೆಂದವಾಗಿತ್ತು. ನಾನು ಅದರ ಮೇಲೆ ಕೈಯಾಡಿಸಿದೆ. ನಿಜ ಹೇಳಬೇಕೆಂದರೆ ಹೆಮ್ಮೆಯಿಂದ ಕಣ್ಣು ತುಂಬಿ ಬಂತು.

ಕಬ್ಬಿನ ಹಂಗಾಮು ಶುರುವಾಗಿ, ಕಬ್ಬು ಸಾಗಿಸುವ ಗಾಡಿಗಳ ಮುರಿದ ನೊಗಗಳು ಬಾಗಿಲಿಗೆ ಬಂದು ಬಿದ್ದಿದ್ದವು. ಬೆಳಿಗ್ಗೆ ಮಾವ ಸ್ನಾನ ಮಾಡಿ, ಧೋತರ ಉಟ್ಟು, ಹೊಸ ಪಾದವನ್ನು ಮುಂದೆ ಚಾಚಿ ಮಣೆ ಮೇಲೆ ಕೂತರು. ಬಲಗಾಲನ್ನು ಮಡಚಿ ತೊಡೆಯ ಪಕ್ಕಕ್ಕೆ ಎಳೆದುಕೊಂಡರು. ಜಾಲಿಯ ನೊಗದ ತುದಿ ಹೊಸ ಅಂಗಾಲಿಗೆ ಆತುಕೊಂಡಿತು. ಮೊದಲ ಏಟು ಬಿತ್ತು. ನೊಗ ಅಲುಗಲಿಲ್ಲ. ಮತ್ತೊಂದು, ಮತ್ತೊಂದು. ಹೊಟ್ಟು ಸುರುಳಿಯಾಗಿ ಹಾರತೊಡಗಿತು. ಮಾವ ತಲೆ ಎತ್ತದೆ, "ಛಲೋ ಐತಿ" ಎಂದರು. ನನ್ನ ಗಂಡ ನನ್ನ ಕಡೆ ನೋಡಿ ನಕ್ಕರು.

ಬಾಗಿಲಲ್ಲಿ ನಿಂತಿದ್ದ ಅತ್ತೆಗೂ ಖುಷಿ ತಡೆಯಲಾಗಲಿಲ್ಲ. "ಛಲೋ ಆಗದ ಏನ ಮಾಡತೈತಿ? ಖಂಡೇಪೂಜಿ ದಿನ ಬಾಚಿ, ಉಳಿ, ಗರಗಸದ ಸಂಗಾಟ ಅದನ್ನೂ ಕಂಬಳಿ ಮ್ಯಾಲ ಇಟ್ಟಿದ್ನಿ. ಒಂದೊಂದ ಹಾಳಿಗೂ ಎಣ್ಣಿ ತಿಕ್ಕಿ ಭಂಡಾರ ಹಚ್ಚೇನಿ" ಎಂದರು.

ನಾನು ಮಾವನತ್ತ ಹೆಜ್ಜೆ ಇಟ್ಟೆ. ಖಂಡೇಪೂಜೆ, ಅಂದರೆ ಆಯುಧಪೂಜೆಯ ದಿನ ಬಡಿಗರ ಮನೆಯಲ್ಲಿ ದುಡಿಯುವ ಪ್ರತಿ ಸಾಮಾನಿಗೂ ಎಣ್ಣೆ, ಅರಿಸಿನದ ಭಂಡಾರ ಹಚ್ಚಿ ಪೂಜೆ ಮಾಡುವುದು ಎಂದಿನಿಂದಲೂ ಇದ್ದದ್ದೇ. ಗಂಡನ ಕಾಲು ಅದರಿಂದ ಹೊರಗುಳಿಯಬೇಕೆಂದು ಯಾವ ಹೆಂಡತಿಗೆ ಅನ್ನಿಸೀತು? ಆದರೆ ಎಣ್ಣೆ ಕುಡಿದ ಕಟ್ಟಿಗೆಗೆ ರಾಳ ಹಿಡಿಯುವುದಿಲ್ಲ. ಮೇಲಿಂದ ಅಂಟಿದಂತೆ ಕಾಣುತ್ತದೆ, ಅಷ್ಟೇ. ಪೂಜೆ ಮುಗಿದ ಮೇಲೆ ಅತ್ತೆ ಬಟ್ಟೆಯಿಂದ ಒರೆಸಿ ಚೊಕ್ಕಟ ಮಾಡಿಟ್ಟಿದ್ದರು. ಉಳಿದ ಮಿರುಗನ್ನು ಕಂಡು ನನ್ನ ಗಂಡ ಅದು ಜಾಕಿನಲ್ಲಿ ಒತ್ತಿದ ಹೊಳಪೆಂದು ತಿಳಿದಿದ್ದರು.

"ಮಾವಾರ, ನಿಲ್ಸ್ರಿ. ಬಾಚಿ ಕೆಳಗ ಇಡ್ರಿ" ಎಂದೆ.

"ಈಗ ಕುಂತೀನಿ. ನಿನ್ನ ಸಾಲಿ ಪಾಠ ಆಮ್ಯಾಲ ಹೇಳ."

"ಅದು ಬಿಚ್ಚತೈತ್ರಿ. ಎಣ್ಣಿ ಹತ್ತೇತಿ ಅದಕ."

"ಇದೊಂದ ಏಟು" ಎಂದು ಅವರು ಬೀಸಿದರು.

ಬಾಚಿಯ ಮೂಲೆ ಪಾದದ ಮೇಲಂಚಿಗೆ ತಾಗಿತು. ಪಟಾರನೆ ಸದ್ದಾಗಿ ಮೇಲಿನ ಪದರುಗಳು ಎದ್ದು ಹಾರಿದವು. ಆಸರೆ ತಪ್ಪಿದ ನೊಗ ಪಕ್ಕಕ್ಕೆ ಸಿಡಿಯಿತು, ಅದರ ಬೆನ್ನಿಗೇ ಬಾಚಿ ಜಾರಿ ಬಲಗಡೆಗೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೆ.

ಕಣ್ಣು ಬಿಟ್ಟಾಗ ಬಾಚಿ ನೆಲದಲ್ಲಿ ನಾಟಿ ನಿಂತಿತ್ತು. ಧೋತರದ ಅಂಚು ಅದರಡಿ ಸಿಕ್ಕಿಕೊಂಡಿತ್ತು. ಅಂಚಿನ ಪಕ್ಕದಲ್ಲೇ ಬಲಗಾಲು ಇತ್ತು. ನನ್ನ ಗಂಡ ಓಡಿಹೋಗಿ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಬೆರಳು, ಹಿಮ್ಮಡಿ, ಅಂಗಾಲು ಎಲ್ಲ ತಿರುವಿ ತಿರುವಿ ನೋಡಿದರು. ಏನೂ ಆಗಿರಲಿಲ್ಲ. ಮಾವ ಮಾತ್ರ ಮಗನ ಮುಖವನ್ನೇ ನೋಡುತ್ತಿದ್ದರು. ಆಗಿದೆಯೋ ಇಲ್ಲವೋ ಎಂದು ಅವರಿಗೆ ಆ ಮುಖದಿಂದಲೇ ತಿಳಿಯಬೇಕಿತ್ತು.

ಅತ್ತೆ ಬಾಗಿಲಿನಿಂದ ಇಳಿದು ಬಂದರು. ಸಿಡಿದ ಪದರೊಂದನ್ನು ಎತ್ತಿಕೊಂಡು, ಬೆರಳಿನಿಂದ ಸವರಿ, ಆ ಬೆರಳನ್ನು ಮೂಸಿ ನೋಡಿದರು. ಆಮೇಲೆ ಒಳಗೆ ಹೋದರು. ಆ ದಿನ ನಮ್ಮ ಮನೆಯ ಒಲೆ ಹೊತ್ತಲಿಲ್ಲ. ಅವರನ್ನು ಬೈಯಬೇಕೆಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅಡುಗೆಮನೆಯ ಕತ್ತಲಲ್ಲಿ ಅವರು ಗೋಡೆಗೆ ಒರಗಿ ಕೂತಿದ್ದನ್ನು ನೋಡಿ ಹಿಂದಕ್ಕೆ ಬಂದೆ.

ಉಳಿದ ಪದರುಗಳ ನಡುವೆ ಚಾಕು ತೂರಿಸಿದರೆ ಪದರು ಚಪಾತಿಯ ಹಾಗೆ ಬಿಟ್ಟುಕೊಂಡವು. ಮೊದಲಿಂದ ಶುರುಮಾಡಬೇಕಿತ್ತು. ಮಾವ ಕೆತ್ತಿ ಸಣ್ಣ ಮಾಡಿದ್ದರಿಂದ ಆ ಹಾಳೆಗಳು ಮತ್ತೆ ಪಾದಕ್ಕೆ ಬರುವಂತಿರಲಿಲ್ಲ. ಹೊಸ ಹಲಗೆ, ಹೊಸ ಕುದಿ, ತೊಳೆದು ತೊಳೆದು ಒತ್ತಿ ಒಣಗಿಸುವುದು. ತಡವಾಗುತ್ತದೆ ಎಂದು ಹೇಳಿದೆ. ಮಾವ ಬಾಗಿಲಲ್ಲಿ ರಾಶಿ ಬಿದ್ದ ನೊಗಗಳತ್ತ ನೋಡಿ ಸುಮ್ಮನಾದರು. ನನಗೆ ಭಯವಾದದ್ದು ಆ ಸುಮ್ಮನಿರುವಿಕೆಗೆ. ಅವರು ಜಗಳವಾಡುತ್ತಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನ ಕಾಲೇಜಿನಲ್ಲಿ ನನ್ನ ಮನಸ್ಸು ಕೆಲಸದ ಮೇಲಿರಲಿಲ್ಲ. ಗಾಜಿನ ನಳಿಕೆಯೊಂದನ್ನು ಒಡೆದೆ. ಹೊತ್ತಿಗಿಂತ ಮುಂಚೆಯೇ ಹೇಳಿ ಹೊರಟು ಬಸ್ಸು ಹಿಡಿದೆ. ಗಿರಣಿಯ ಹತ್ತಿರ ಬರುತ್ತಿದ್ದಂತೆ ಕೇಳಿಸಿತು. ಬಾಚಿಯ ಸದ್ದು. ಎಂದಿಗಿಂತ ಅವಸರದ ಸದ್ದು.

ಓಡಿದೆ. ಗಿರಣಿಯ ಮುಂದೆ ನಿಂತ ಹೆಂಗಸರು ಏನಾಯ್ತೆಂದು ಕೇಳಿದ್ದಕ್ಕೂ ನಿಲ್ಲಲಿಲ್ಲ. ಅಂಗಳಕ್ಕೆ ಬಂದು ನೋಡಿದರೆ ಮಾವ ಬಲಗಾಲನ್ನು ಬರಿದಾಗಿ ಮುಂದೆ ಚಾಚಿ ಕೂತಿದ್ದರು. ಕೃತಕ ಕಾಲನ್ನು ಬಿಚ್ಚಿ ಪಕ್ಕಕ್ಕೆ ಎಸೆದಿದ್ದರು. ನೊಗದ ತುದಿ ಆ ಬರಿಯ ಅಂಗಾಲಿಗೆ ಒತ್ತಿಕೊಂಡಿತ್ತು, ಬಾಚಿ ಅದರತ್ತಲೇ ಬಂದು ಬಂದು ನಿಲ್ಲುತ್ತಿತ್ತು. ಗಂಡ ಕಾರ್ಖಾನೆಗೆ ಹೋಗಿದ್ದರು.

"ಮಾವಾರ, ಕೈ ಮುಗೀತೀನಿ, ಬ್ಯಾಡ್ರಿ."

"ಗಾಡಿಯವ್ರು ಬಂದು ನಿಂತ್ರ ನಿನ್ನ ಹಾಳಿ ತೋರ್ಸಲೇನ? ಸರಿ ಅತ್ಲಾಗ."

ನನ್ನ ಕೂಗಿಗೆ ಅತ್ತೆ ಒಳಗಿನಿಂದ ಬಂದರು. ನೋಡಿದರು. ಅವರು ಅಳಬಹುದು, ಬೈಯಬಹುದು, ಬಾಚಿ ಕಿತ್ತುಕೊಳ್ಳಬಹುದು ಎಂದುಕೊಂಡೆ. ಅವರು ಸೀರೆಯನ್ನು ಸ್ವಲ್ಪ ಮೇಲೆತ್ತಿ ಸಿಕ್ಕಿಸಿಕೊಂಡು ಮಾವನ ಪಕ್ಕದಲ್ಲಿ ನೆಲಕ್ಕೆ ಕೂತರು. ಮಾವನ ಬಲಗಾಲನ್ನು ಕೈಯಿಂದ ಎತ್ತಿ ಬದಿಗೆ ಸರಿಸಿದರು. ಆ ಜಾಗದಲ್ಲಿ ತಮ್ಮ ಕಾಲು ಚಾಚಿ, ಅಂಗಾಲನ್ನು ನೊಗಕ್ಕೆ ಆನಿಸಿದರು. ಬೆರಳಿನಲ್ಲಿ ಕಾಲುಂಗುರಗಳು ಹೊಳೆಯುತ್ತಿದ್ದವು. ಹೊಲ ತುಳಿದು ಬಿರಿದ ಹಿಮ್ಮಡಿ.

"ಹೊಡೀರಿ" ಎಂದರು.

ಮಾವ ಗಾಬರಿಯಾಗಿ ನೋಡಿದರು. "ಹುಚ್ಚು ಹಿಡದೈತೇನ? ತಗಿ ಕಾಲು."

"ತಗಿಯಂಗಿಲ್ಲ. ನಿಮ್ಮ ಕಾಲಿಗಿ ಕಡದ್ರ ನಿಮಗ ಗೊತ್ತಾಗಂಗಿಲ್ಲ. ನನ್ನ ಕಾಲಿಗಿ ಕಡದ್ರ ನನಗರ ಗೊತ್ತಾಕ್ಕೈತಿ. ಒದರ್ತೀನಿ, ನೀವು ನಿಲ್ಲಸ್ರಿ. ನಿಮ್ಮ ಕಟಗಿ ಕಾಲು ಕೆಡಿಸಿದಾಕಿ ನಾನ ಅಲ್ಲೇನ್ರಿ. ಹೊಸಾದ ಆಗೂತನಾ ಇದ ನಿಮ್ಮ ಕಾಲು. ಹೊಡೀರಿ."

ಅತ್ತೆಯ ದನಿ ಏರಲಿಲ್ಲ. ಚಹಕ್ಕೆ ಸಕ್ಕರೆ ಹಾಕಲೇ ಎಂದು ಕೇಳುವ ದನಿಯಲ್ಲೇ ಹೇಳಿದರು. ಮಾವ ಹಟಕ್ಕೆ ಬಿದ್ದರು. ಬಾಚಿ ಎತ್ತಿದರು. ಇಡೀ ಜೀವಮಾನ ಸ್ವಂತ ಕಾಲಿನ ಮೇಲೆ ಆ ಬಾಚಿಯನ್ನು ಕಣ್ಣು ಮಿಟುಕಿಸದೆ ಬೀಸಿದ ಕೈ ಅದು. ಎತ್ತಿದ ಕೈ ಮೇಲೆಯೇ ನಿಂತಿತು. ಅತ್ತೆಯ ಕಾಲು ಅಲುಗಲಿಲ್ಲ. ಮಾವ ಬಾಚಿಯನ್ನು ನಿಧಾನವಾಗಿ ಇಳಿಸಿ ತೊಡೆಯ ಮೇಲೆ ಇಟ್ಟುಕೊಂಡರು. ಆ ಕಾಲುಂಗುರಗಳನ್ನೇ ನೋಡಿದರು.

ಕಡೆಗೆ ನನ್ನ ಕಡೆ ತಿರುಗಿ, "ಹೊಸಾದಕ ಎಷ್ಟ ದಿನಾ ಹಿಡೀತೈತಿ, ತಂಗಿ?" ಎಂದು ಕೇಳಿದರು. ಅವರು ನನ್ನನ್ನು ಹಾಗೆ ಅಕ್ಕರೆಯಿಂದ ಕರೆದದ್ದೂ, ನನ್ನಿಂದ ಏನನ್ನಾದರೂ ಕೇಳಿದ್ದೂ ಅದೇ ಮೊದಲು. ಬೇಗ ಮಾಡುತ್ತೇನೆ ಎಂದೆ. "ಅವಸರ ಮಾಡಬ್ಯಾಡ. ಝುಣಕ ಮಾಡಿ ಇಡ್ತಿ" ಎಂದರು. ನಾನು ನಗುತ್ತ ನಗುತ್ತ ಅತ್ತುಬಿಟ್ಟೆ.

ಗಾಡಿಯವರು ಬಂದು ಗೊಣಗಿದರು, ಕೆಲವರು ನೊಗ ಎತ್ತಿಕೊಂಡು ರಾಯಬಾಗದ ಕಡೆ ಹೋದರು. ಮಾವ ತಡೆಯಲಿಲ್ಲ. ಹೊಸ ಹಲಗೆಗಳಿಗೆ ರಂದಾ ಹೊಡೆಯುತ್ತ ಕೂತರು. ಅತ್ತೆ ಹಾಳೆಗಳು ಒಣಗಲು ಹಾಕಿದ ಕಡೆ ಹಾಯಲೂ ಇಲ್ಲ. ಕೋಳಿ ಅತ್ತ ಬಂದರೆ ದೂರದಿಂದಲೇ ಕಲ್ಲು ಬೀಸಿ ಓಡಿಸುತ್ತಿದ್ದರು. ರಾಳ ಹಚ್ಚುವ ದಿನ ನಾನು ಪ್ರತಿ ಹಾಳೆಯನ್ನೂ ಉಜ್ಜಿ, ಬೆಳಕಿಗೆ ಹಿಡಿದು ನೋಡಿ, ಆಮೇಲೆಯೇ ಪೇರಿಸಲು ಬಿಟ್ಟೆ.

ಎರಡನೆಯ ಪಾದವನ್ನು ಕೂರಿಸಿದ ಬೆಳಿಗ್ಗೆ ಯಾರೂ ನಗುತ್ತಿರಲಿಲ್ಲ. ಅದನ್ನು ಕಾಲಿಗೆ ಕಟ್ಟುವ ಮೊದಲೇ ಮಾವ ಕೊರಡಿನ ಮೇಲೆ ಇಟ್ಟು, ಬಾಚಿಯನ್ನು ಭುಜದವರೆಗೆ ಎತ್ತಿ, ಅಂಗಾಲಿನ ನಟ್ಟನಡುವೆ ಹೊಡೆದರು. ಬಾಚಿ ಪುಟಿದು ಬಂತು. ಪಾದದ ಮೇಲೆ ಉಗುರಿನ ಗೀರಿನಷ್ಟು ಗುರುತು ಬಿತ್ತು. ಅಂಚಿಗೆ ಹೊಡೆದರು. ಚಿಕ್ಕ ಚಕ್ಕೆ ಎದ್ದಿತು, ಪದರು ಬಿಡಲಿಲ್ಲ. ಅವರು ಚಕ್ಕೆಯನ್ನು ಎತ್ತಿ ಅತ್ತೆಯ ಕೈಗೆ ಕೊಟ್ಟರು. ಅತ್ತೆ ಅದನ್ನು ಮೂಸಿ ನೋಡಿ ತಲೆಯಾಡಿಸಿದರು. ಆಮೇಲೆಯೇ ಮಾವ ಅದನ್ನು ಕಾಲಿಗೆ ಕಟ್ಟಿಕೊಂಡು ಮಣೆ ಮೇಲೆ ಕೂತದ್ದು.

ಮರುವರ್ಷ ಕೃಷ್ಣೆ ಉಕ್ಕಿ ಊರ ಅಂಚಿಗೆ ನೀರು ಬಂದಾಗ, ಮಾವ ಆ ಪಾದವನ್ನು ಬಿಚ್ಚಿ ಬಾಚಿಯ ಜೊತೆ ಪೂಜೆಯ ಅದೇ ಕಂಬಳಿಯಲ್ಲಿ ಸುತ್ತಿ ತಲೆಯ ಮೇಲೆ ಹೊತ್ತುಕೊಂಡರು. ಅಂಗಾಲಿನ ತುಂಬ ಈಗ ಬಾಚಿಯ ಗೀರುಗಳಿವೆ. ಅಷ್ಟೂ ಗೀರುಗಳು ಅವರ ಬಲಗಾಲಿಗೆ ಬೀಳಬೇಕಿದ್ದವು. ಖಂಡೇಪೂಜೆಗೆ ಅದೂ ಕಂಬಳಿಯ ಮೇಲೆ ಇರುತ್ತದೆ. ಅತ್ತೆ ಅದಕ್ಕೆ ದೂರದಿಂದಲೇ ಒಂದು ಚಿಟಿಕೆ ಭಂಡಾರ ಉದುರಿಸಿ ಕೈ ಮುಗಿಯುತ್ತಾರೆ.

ಎಣ್ಣೆಯ ಬಟ್ಟಲು ಸಂಜೆ ಹೊರಗೆ ಬರುತ್ತದೆ, ಹಬ್ಬವಿರಲಿ ಇಲ್ಲದಿರಲಿ. ಕೆಲಸ ಮುಗಿಸಿ ಕಟ್ಟೆಯ ಮೇಲೆ ಕೂತ ಮಾವನ ಬಲಗಾಲನ್ನು ಅತ್ತೆ ಮಡಿಲಿಗೆ ಎಳೆದುಕೊಂಡು, ಬೆರಳ ಸಂದುಗಳನ್ನು ಬಿಡಿಸಿ ಬಿಡಿಸಿ ಗಾಯವಿದೆಯೇ ಎಂದು ನೋಡಿ, ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಾರೆ. ಓಣಿಯಲ್ಲಿ ಹೋಗಿಬರುವವರು ನೋಡುತ್ತಾರೆಂದು ಮಾವನಿಗೆ ಮುಜುಗರ. ಕಾಲು ಎಳೆದುಕೊಳ್ಳುವವರ ಹಾಗೆ ಮಾಡಿ, "ಕಚಗುಳಿ ಆಕ್ಕೈತಿ, ಬಿಡ" ಅನ್ನುತ್ತಾರೆ.

ಆ ಕಾಲಿನಲ್ಲಿ ಸ್ಪರ್ಶವಿಲ್ಲವೆಂದು ಅತ್ತೆಗೆ ಗೊತ್ತು. "ಆಗಲಿ, ಸುಮ್ನ ಕುಂದರ್ರಿ" ಅನ್ನುತ್ತ ತಿಕ್ಕುತ್ತಲೇ ಇರುತ್ತಾರೆ.